ಹಳೆ ಪಾದ್ರಿ ಬಂಗ್ಲೆಯ ದುರಸ್ತಿ: ಆಟಿಯಲ್ಲಿ ನೋಡಿ, ಪತ್ತನಾಜೆಯೊಳಗೆ ಮುಗಿಸಿ

ಬಂಗ್ಲೆ ಸೋರುತ್ತಿದೆ ಎಂಬ ವಿಷಯ ಚರ್ಚಿನ ಸಭೆಯ ಕಮಿಟಿಯ ಮುಂದೆ ಬರುವುದು ಜೂನ್ ಕೊನೆಗೆ. ಜುಲೈಯಲ್ಲಿ ಮಾಡಿನ ಮೇಲೆ ನೀಲಿ ಟಾರ್ಪಾಲು ಏರುತ್ತದೆ, ಆಗಸ್ಟಿನಲ್ಲಿ ತಗಡು ಶೀಟಿನ ಕೊಟೇಶನ್ ಬರುತ್ತದೆ, ಡಿಸೆಂಬರಿನಲ್ಲಿ ಉದುರಿದ ಗೋಡೆಗೆ ಸಿಮೆಂಟು ಸಾರಣೆ ಬೀಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮನೆ ಮೊದಲಿಗಿಂತ ಹೆಚ್ಚು ಒದ್ದೆ.

ಮಂಗಳೂರಿನ ಹಳೆ ಪಾದ್ರಿ ಬಂಗ್ಲೆಗಳು ಕೆಂಪುಕಲ್ಲು, ಸುಣ್ಣದ ಗಾರೆ, ಮರ, ಹಂಚು ಇಷ್ಟರಲ್ಲೇ ನಿಂತಿವೆ. ನಾಲ್ಕೂ ನೀರು ಹೀರುತ್ತವೆ, ನಾಲ್ಕೂ ಬಿಟ್ಟುಕೊಡುತ್ತವೆ. ವರ್ಷಕ್ಕೆ 3500 ಮಿ.ಮೀ. ದಾಟುವ ಮಳೆಯಲ್ಲಿ ಇವು ನೂರಕ್ಕೂ ಹೆಚ್ಚು ವರ್ಷ ಬಾಳುವುದು ಒದ್ದೆಯಾದದ್ದು ಡಿಸೆಂಬರಿನೊಳಗೆ ಪೂರ್ತಿ ಒಣಗುವುದರಿಂದ. ದುರಸ್ತಿಯ ಹೆಸರಿನಲ್ಲಿ ಆ ಒಣಗುವ ದಾರಿಯನ್ನು ಮುಚ್ಚುವುದೇ ಇಂದು ಆಗುತ್ತಿರುವ ದೊಡ್ಡ ಹಾನಿ. ಕೆಳಗಿನ ಕ್ರಮ ಒಂದು ಇಡೀ ವರ್ಷದ್ದು: ಆಟಿಯ (ಜುಲೈ–ಆಗಸ್ಟಿನ ತುಳು ತಿಂಗಳು) ಮಳೆಯಲ್ಲಿ ಪರೀಕ್ಷೆ, ದೀಪಾವಳಿ ಕಳೆದ ಮೇಲೆ ಕೆಲಸ, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ಒಳಗೆ ಮುಕ್ತಾಯ.

ಮನೆಯ ಮೋರೆ ಓದುವುದು

ಇಂಗ್ಲೆಂಡಿನಲ್ಲಿ 1714ರಿಂದ 1830ರ ವರೆಗೆ ಜಾರ್ಜ್ ಹೆಸರಿನ ನಾಲ್ವರು ದೊರೆಗಳ ಕಾಲದಲ್ಲಿ ಎದ್ದ ಪಾದ್ರಿ ಮನೆಗಳಿಗೆ ಒಂದು ಗುರುತು ಇದೆ. ನಟ್ಟ ನಡುವೆ ಬಾಗಿಲು, ಎಡಬಲಕ್ಕೆ ಎಣಿಸಿಟ್ಟಂತೆ ಅಷ್ಟಷ್ಟೇ ಕಿಟಕಿ, ಬಾಗಿಲ ನೆತ್ತಿಯ ಮೇಲೆ ಬೀಸಣಿಗೆಯಂತೆ ಬಿಡಿಸಿದ ಗಾಜು. ಕಂಪೆನಿ ಸರಕಾರದ ಅಧಿಕಾರಿಗಳ ಬಂಗ್ಲೆಗಳ ಮೂಲಕ ಅದೇ ಅಳತೆ ನಮ್ಮ ಕರಾವಳಿಗೂ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್–ಸ್ವಿಸ್ ಪಾದ್ರಿಗಳು, ಇಂಗ್ಲಿಷರೇನಲ್ಲ. ಆದರೆ ಬಲ್ಮಠದ ಜಾಗವನ್ನು ಅವರಿಗೆ 1840ರಲ್ಲಿ ಕೊಟ್ಟವರು ಇಂಗ್ಲಿಷ್ ಕಲೆಕ್ಟರ್ ಬ್ಲೇರ್. ನಿಮ್ಮ ಬಂಗ್ಲೆಯ ಎದುರು ಅಂಗಳದ ಮಧ್ಯದಲ್ಲಿ ನಿಂತು ಕಿಟಕಿ, ಕಂಬ ಎಣಿಸಿ. ಎಡಕ್ಕೆ ಇರುವುದು ಬಲಕ್ಕೆ ಇಲ್ಲವಾದರೆ ಅಲ್ಲಿ ಏನೋ ಮುಚ್ಚಿದ್ದಾರೆ ಅಥವಾ ಆಮೇಲೆ ಸೇರಿಸಿದ್ದಾರೆ ಎಂದು ಅನುಮಾನಿಸಬಹುದು. ಮುಚ್ಚಿದ ಕಿಟಕಿಯ ಸುತ್ತ ಸಾರಣೆಯಲ್ಲಿ ಚೌಕಟ್ಟಿನಂತೆ ಬಿರುಕು ಇರುತ್ತದೆ. ಅದನ್ನು ಬಿಚ್ಚಿಸಿದರೆ ಅರ್ಧ ತೇವ ಅಲ್ಲೇ ಇಳಿಯುವುದುಂಟು.

ಇಲ್ಲಿಗೆ ಬಾರದೆ ಉಳಿದದ್ದು ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿ. ಅದು ಎಷ್ಟು ತೆರೆದರೂ ಅರ್ಧವೇ ತೆರೆಯುವುದು, ನಮ್ಮ ಸೆಕೆಗೆ ಸಾಲದು. ಮಳೆಗೆ ಮರ ಉಬ್ಬಿದರೆ ಜಾರುವುದೂ ಇಲ್ಲ. ಹಾಗಾಗಿ ಬಂಗ್ಲೆಗಳಲ್ಲಿ ಎರಡು ಕದದ ಕಿಟಕಿ, ಕೆಳಗೆ ಓರೆ ಪಟ್ಟಿಗಳ ಲೂವರ್. ಕಿಟಕಿಯ ದಾರಂದ (ಮರದ ಚೌಕಟ್ಟು) ಗೋಡೆಯ ಹೊರಮೈಯಿಂದ ಒಳಕ್ಕೆ ಸರಿದಿರುವುದನ್ನು ಗಮನಿಸಿ. ಲಂಡನ್ನಿನಲ್ಲಿ ಬೆಂಕಿಯ ಭಯಕ್ಕೆ ದಾರಂದವನ್ನು 4 ಇಂಚು ಒಳಗಿಡಬೇಕೆಂದು 1709ರಲ್ಲಿ ಕಾನೂನೇ ಆಗಿತ್ತು. ನಮಗೆ ಅದರ ಉಪಯೋಗ ಮಳೆಗೆ. ಅಲ್ಯುಮಿನಿಯಂ ಕಿಟಕಿ ಕೂರಿಸುವವರು ಚೌಕಟ್ಟನ್ನು ಹೊರಮೈಗೆ ಸಮ ತಂದುಬಿಡುತ್ತಾರೆ. ಮರುವರ್ಷ ಕಿಟಕಿಯ ಕೆಳಗೆ ಕಪ್ಪು ನಾಲಗೆ ಇಳಿಯುತ್ತದೆ.

ಜಗಲಿಯಿಂದ ನೇರ ಒಳಗೆ ಹೋಗುವ ಆಫೀಸು ಕೋಣೆಯ ಬಾಗಿಲನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮದುವೆಯ ಚೀಟಿಗೆ, ಸಹಿಗೆ ಬಂದವರು ಮನೆಯ ಒಳಗೆ ಕಾಲಿಡದೆ ಕೆಲಸ ಮುಗಿಸಿ ಹೋಗಲಿ ಎಂದೇ ಅದು ಇರುವುದು. ಜೊತೆಗೆ ಎದುರು ಬದುರು ಗಾಳಿಯ ದಾರಿಯೂ ಹೌದು.

ಮಾಡಿನ ವಯಸ್ಸು ಗೋಡೆಯ ವಯಸ್ಸಲ್ಲ. ಗೆಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕೂ ಹಿಂದಿನ ಮನೆಯಾದರೆ ಮೊದಲ ಹೊದಿಕೆ ಮುಳಿಹುಲ್ಲಿನದ್ದೋ ಕೈಹಂಚಿನದ್ದೋ ಆಗಿರಬೇಕು. ಮಾಡನ್ನು ಹೊರುವ ಓರೆ ಮರಗಳಾದ ಪಕ್ಕಾಸುಗಳ ಮೇಲೆ ಈಗಿನ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಹೊಂದದ ಹಳೆ ಮೊಳೆ ತೂತು ಸಿಗುತ್ತದೋ ನೋಡಿ. ಹಂಚಿನ ಅಡಿಮೈಯ ಮುದ್ರೆಯನ್ನೂ ಓದಿ. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಅದು ಮೊದಲ ಮಹಾಯುದ್ಧದ ನಂತರದ ಹಂಚು, ಯಾಕೆಂದರೆ ಮಿಶನ್ನಿನ ಕಾರ್ಖಾನೆಗಳು ಅವರ ಕೈಗೆ ಹೋದದ್ದು ಆಗ. ಮುದ್ರೆಯಲ್ಲಿ 1865 ಎಂದು ಕಂಡರೆ ಹಿಗ್ಗಬೇಡಿ, ಅದು ಕಾರ್ಖಾನೆ ಹುಟ್ಟಿದ ವರ್ಷ.

ಆಟಿ ತಿಂಗಳಲ್ಲಿ, ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಮನೆ ಸುತ್ತಿ. ಒದ್ದೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆಯಿರಿ. ಮೇಲಿನಿಂದ ಇಳಿದ ಕಲೆಯಾದರೆ ಮಾಡು ಕಾರಣ. ನೆಲದಿಂದ 2–3 ಅಡಿ ಎತ್ತರಕ್ಕೆ ಅಡ್ಡ ಪಟ್ಟಿಯಂತೆ ಇದ್ದು ಬೇಸಗೆಯಲ್ಲೂ ಹೋಗದಿದ್ದರೆ ಕಾರಣ ಅಂಗಳದಲ್ಲಿದೆ. ನೈಋತ್ಯದ ಗೋಡೆಯಲ್ಲಿ ಮಾತ್ರ ಅಲ್ಲಲ್ಲಿ ಮಚ್ಚೆಯಂತೆ ಇದ್ದರೆ ಗಾಳಿಮಳೆ ಸಾರಣೆಯ ಬಿರುಕಿಗೆ ನುಗ್ಗುತ್ತಿದೆ. ಈ ಮೂರನ್ನು ಬೇರೆ ಬೇರೆ ಮಾಡಿಕೊಳ್ಳದೆ ಮೇಸ್ತ್ರಿಯನ್ನು ಕರೆಸಿದರೆ ಮೂರಕ್ಕೂ ಒಂದೇ ಮದ್ದು ಹೇಳುತ್ತಾರೆ, ಅದು ಸಿಮೆಂಟು.

ಮಾಡು

ಓಟೆ ಎಲ್ಲಿದ್ದರೂ ಕೆಲಸ ಶುರುವಾಗಬೇಕಾದದ್ದು ಮೇಲಿನಿಂದ. ನವೆಂಬರಿನಲ್ಲಿ ಹಂಚು ಒಣಗಲು ಬಿಟ್ಟು, ಡಿಸೆಂಬರ್–ಜನವರಿಯಲ್ಲಿ ಬಿಚ್ಚಿ.

ಮೊದಲು ಇಳಿಜಾರು ಅಳೆಯಿರಿ. ಅಡ್ಡಕ್ಕೆ 12 ಇಂಚು ಹೋದಾಗ ಮೇಲಕ್ಕೆ 7 ಇಂಚು ಏರಿದರೆ ಸುಮಾರು 30 ಡಿಗ್ರಿ, ಅದು ಒಳ್ಳೆಯ ಇಳಿಜಾರು. ಜಗಲಿಯ ಮಾಡು ಇದಕ್ಕಿಂತ ಚಪ್ಪಟೆ ಇರುವುದುಂಟು. ಹಂಚಿನ ತುದಿಯಿಂದ ನೀರು ಹಿಂದಕ್ಕೆ ತಳ್ಳಿಸಿಕೊಂಡು ಒಳಬರುವುದು ಅಲ್ಲೇ. ಹಂಚು ಎಷ್ಟು ಬದಲಿಸಿದರೂ ಇದು ಸರಿಹೋಗದು; ಪಕ್ಕಾಸಿನ ಮೇಲ್ತುದಿಯನ್ನು ಎತ್ತಿಸಬೇಕು.

ಲೆಕ್ಕ ಹೀಗೆ: 100 ಚದರ ಅಡಿಗೆ ಸುಮಾರು 140 ಹಂಚು, ಒಡೆಯುವುದಕ್ಕೆಂದು ಸೇರಿಸಿ 150 ತನ್ನಿ. ಒಂದು ಹಂಚು ಎರಡರಿಂದ ಮೂರು ಕೆ.ಜಿ. ತೂಗುತ್ತದೆ. ಎರಡೂವರೆ ಎಂದು ಹಿಡಿದರೂ ಅಷ್ಟು ಜಾಗಕ್ಕೆ 350 ಕೆ.ಜಿ. ಆಯಿತು, ಮಳೆಗಾಲದಲ್ಲಿ ಹೀರಿದ ನೀರಿನ ತೂಕ ಬೇರೆ. ಬೇಸಗೆಯಲ್ಲಿ ನೆಟ್ಟಗೆ ಕಾಣುವ ರೀಪು ಜುಲೈಯಲ್ಲಿ ಬಾಗುವುದು ಇದಕ್ಕೇ.

ಬಿಚ್ಚಿದ ಹಂಚನ್ನು ಒಂದೊಂದಾಗಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದರೆ ಇಟ್ಟುಕೊಳ್ಳಿ, ಡಬ್ ಎಂದರೆ ಬಿರುಕಿದೆ. ಅನುಮಾನದ್ದನ್ನು ಎರಡು ಇಟ್ಟಿಗೆಯ ಮೇಲೆ ಚಪ್ಪಟೆ ಇಟ್ಟು, ಮೇಲ್ಮೈಯ ತೋಡಿನಲ್ಲಿ ನೀರು ನಿಲ್ಲುವಂತೆ ಅಂಚಿಗೆ ಮಣ್ಣು ಮೆತ್ತಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಅಡಿಮೈ ಬೆವರಿದರೆ ಅಡ್ಡಿಯಿಲ್ಲ. ಹನಿ ತೊಟ್ಟಿಕ್ಕಿದ್ದರೆ ಬೇಡ. ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಒಣಗಿದ್ದಾಗಲೇ ಉಜ್ಜಿ. ಪ್ರೆಶರ್ ವಾಶರ್ ಹಂಚಿನ ಬೆಂದ ಚರ್ಮವನ್ನೇ ಕಿತ್ತು ಹಾಕುತ್ತದೆ, ಮುಂದಿನ ವರ್ಷ ಪಾಚಿ ದುಪ್ಪಟ್ಟು.

ಇನ್ನು ಎಲ್ಲರೂ ಎಡವುವ ಜಾಗ. ಹಳೆ ಹಂಚಿಗೂ ಹೊಸ ಹಂಚಿಗೂ ಅಳತೆಯಲ್ಲಿ ಕೆಲವು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ, ಕಾರ್ಖಾನೆಯಿಂದ ಕಾರ್ಖಾನೆಗೂ ಇರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಅಂಚಿನ ಹಲ್ಲು ಕಚ್ಚದೆ, ಬಾಯಿ ತೆರೆದಂತೆ ಕೂರುತ್ತದೆ. ಕೆಳಗಿನಿಂದ ನೋಡಿದರೆ ಏನೂ ಕಾಣದು. ಆದ್ದರಿಂದ ಉಳಿದ ಹಳೆ ಹಂಚನ್ನೆಲ್ಲ ಎದುರಿನ ಇಳಿಜಾರಿಗೆ ಹಾಕಿ, ಹೊಸದನ್ನು ಹಿಂದಿನ ಇಳಿಜಾರಿಗೆ ಪೂರ್ತಿಯಾಗಿ ಹಾಕಿ. ಹೊಸ ಹಂಚಿಗೆ ರೀಪಿನ ಅಂತರವನ್ನು ಹಳೆ ಗುರುತಿನಿಂದ ತೆಗೆದುಕೊಳ್ಳಬೇಡಿ. ನೆಲದ ಮೇಲೆ 10 ಹಂಚು ಒಂದರ ತಲೆಗೊಂದು ಜೋಡಿಸಿ, ಒಮ್ಮೆ ಬಿಗಿಯಾಗಿ ಒತ್ತಿ, ಇನ್ನೊಮ್ಮೆ ಬಿಡುವಷ್ಟು ಎಳೆದು ಅಳೆಯಿರಿ. ಎರಡು ಅಳತೆಯ ನಡುವಿನದ್ದನ್ನು 10ರಿಂದ ಭಾಗಿಸಿದರೆ ಬರುವುದೇ ಅಂತರ, ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು.

ಸೂರಿನ ಸಾಲನ್ನು, ನೈಋತ್ಯ ಬದಿಯಲ್ಲಿ ಪ್ರತಿ ನಾಲ್ಕನೆಯ ಸಾಲನ್ನೂ, ಹಂಚಿನ ಅಡಿಯಲ್ಲಿರುವ ತೂತಿಗೆ ತಂತಿ ಹಾಕಿ ರೀಪಿಗೆ ಕಟ್ಟಿ. ತಾಮ್ರದ ತಂತಿ ಆದರೆ ಒಳ್ಳೆಯದು. ಉಪ್ಪುಗಾಳಿಗೆ ಸಾದಾ ಕಬ್ಬಿಣದ ತಂತಿ ಬೇಗ ತುಕ್ಕಾಗಿ ತುಂಡಾಗುತ್ತದೆ.

ನೆತ್ತಿಯ ಹಂಚು ಕೂರಿಸುವ ಗಾರೆಯಲ್ಲಿ ಸುಣ್ಣ 1, ಹಂಚಿನ ಪುಡಿ 1, ಮರಳು 2 ಇರಲಿ. ಬರೀ ಸಿಮೆಂಟು ಹಾಕಿದರೆ ಬಿಸಿಲಿಗೆ ಹಂಚು ಹಿಗ್ಗಿ ಕುಗ್ಗುವಾಗ ಗಾರೆ ಬಿಟ್ಟುಕೊಂಡು ಕೂದಲಿನಷ್ಟು ಸೀಳು ಬೀಳುತ್ತದೆ, ಆ ಸೀಳು ನೀರನ್ನು ಎಳೆದುಕೊಳ್ಳುತ್ತದೆ. ಗಾರೆಯ ಅಂಚು ಹಂಚಿನ ಅಂಚಿನಿಂದ ಅರ್ಧ ಇಂಚು ಒಳಗೆ ನಿಲ್ಲಬೇಕು. ಅಚ್ಚುಕಟ್ಟಾಗಿ ಕಾಣಲೆಂದು ಹೊರಗೆ ತಂದು ಬಳಿದು ನುಣುಪು ಮಾಡಿದರೆ ಹಂಚಿನಿಂದ ಹನಿಯಬೇಕಾದ ನೀರು ಗಾರೆಯ ಮೇಲೆ ನಡೆದು ಒಳಗೆ ಹೋಗುತ್ತದೆ. ಮೇಸ್ತ್ರಿಗೆ ಇದನ್ನು ಮೊದಲ ಮೂರು ಹಂಚಿನಲ್ಲೇ ತೋರಿಸಿಕೊಡಿ, ಇಡೀ ನೆತ್ತಿ ಮುಗಿದ ಮೇಲೆ ಹೇಳಿ ಪ್ರಯೋಜನವಿಲ್ಲ.

ಎರಡು ಮಾಡು ಕೂಡುವ ಮೂಲೆಯ ತಗಡು ಪ್ರತಿ ಬದಿಯಲ್ಲಿ ಹಂಚಿನ ಅಡಿಗೆ ಕನಿಷ್ಠ 6 ಇಂಚು ಹೋಗಿರಬೇಕು. ಅಂಗಳದಲ್ಲಿ ಮಾವೋ ಹಲಸೋ ಇದ್ದರೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಲೆ ತೆಗೆಯಲು ಒಬ್ಬರನ್ನು ನೇಮಿಸಿ. ಮಾಡಿಗೆ ಬಾಗಿದ ತೆಂಗಿನ ಮರದ ವಿಷಯ ಕಮಿಟಿ ಹೇಗೂ ಪ್ರತಿ ವರ್ಷ ಚರ್ಚಿಸುತ್ತದೆ.

ಹಂಚಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹಾಸಬೇಡಿ. ರಾತ್ರಿಯ ತಂಪಿಗೆ ಅದರ ಮೇಲೆ ನೀರು ಕಟ್ಟಿ ರೀಪು ಕೊಳೆತು ಕುಂಬಾಗುತ್ತದೆ. ಅಟ್ಟದ ಗೋಡೆಯ ಜಾಲರಿ, ಮುಚ್ಚಿಗೆಯಲ್ಲಿ ಕೊರೆದ ತೂತುಗಳು ಹಾಗೇ ತೆರೆದಿರಲಿ. ಬಾವಲಿ ಬರುತ್ತದೆ ಎಂದಾದರೆ ತಂತಿಯ ಬಲೆ ಸಾಕು.

ಮರ

ಪಕ್ಕಾಸು ಕೆಡುವುದು ಗೋಡೆಯ ಮೇಲೆ ಕೂತ ತುದಿಯಲ್ಲಿ. ಹಳೆ ಸ್ಕ್ರೂಡ್ರೈವರ್ ಒತ್ತಿ ನೋಡಿ, ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಕುಂಬಾಗಿದೆ. ಇಡೀ ಪಕ್ಕಾಸು ತೆಗೆಯಬೇಕೆಂದಿಲ್ಲ. ಕೆಟ್ಟ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ಮರವನ್ನು ಬದಿಗಿಟ್ಟು 3 ಅಡಿ ಒಟ್ಟಿಗೆ ಹಾಯಿಸಿ, 12 ಮಿ.ಮೀ. ಬೋಲ್ಟು ನಾಲ್ಕು ಬಿಗಿದರೆ ಸಾಕು. ಕಿರಾಲ್‌ಬೋಗಿ ಸಿಕ್ಕರೆ ಅದೃಷ್ಟ, ಇಲ್ಲವಾದರೆ ಚೆನ್ನಾಗಿ ಬಲಿತ ಹಲಸು. ಹೊಸ ತುದಿಯ ಸುತ್ತ ಗೋಡೆಯಲ್ಲಿ ಬೆರಳಿನಷ್ಟು ಖಾಲಿ ಬಿಡಿ. ಗಾರೆ ತುಂಬಿದರೆ ಅಲ್ಲೇ ಮತ್ತೆ ಕೊಳೆಯುತ್ತದೆ.

ಕುಟ್ಟೆ ಹುಳದ ಹಿಟ್ಟು ಉದುರುತ್ತಿದ್ದರೆ ಬೋರಿಕ್ ಆಸಿಡ್ 1 ಪಾಲು, ಬೋರಾಕ್ಸ್ ಒಂದೂವರೆ ಪಾಲು. ಎರಡೂ ಸೇರಿ 10 ಲೀಟರ್ ಬಿಸಿ ನೀರಿಗೆ ಅರ್ಧ ಕೆ.ಜಿ. ಆಗಲಿ. ಮರ ಒಣಗಿದ್ದಾಗ ಬ್ರಷ್ಷಿನಲ್ಲಿ ಎರಡು ಸಲ ಬಳಿಯಿರಿ, ನಡುವೆ ಒಂದು ದಿನ ಬಿಡಿ. ಹಳಬರು ಬಳಿಯುತ್ತಿದ್ದ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಒರಲೆಗೆ, ಅಂದರೆ ಗೆದ್ದಲಿಗೆ, ಈಗಲೂ ಒಳ್ಳೆಯದೇ, ಆದರೆ ಕೈಗವಸಿಲ್ಲದೆ ಮುಟ್ಟಿದರೆ ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಅದರ ಕಪ್ಪು ಬಣ್ಣ ಹೋಗುವುದಿಲ್ಲ, ಹಾಗಾಗಿ ಕಾಣುವ ಮರಕ್ಕೆ ಬೇಡ.

ಅಂಗಳ

ನೆಲದಿಂದ ಏರುವ ತೇವಕ್ಕೆ ಗೋಡೆಯಲ್ಲಿ ಮದ್ದಿಲ್ಲ. ಹಳೆ ಫೋಟೋ ಸಿಕ್ಕಿದರೆ ಜಗಲಿಗೆ ಎಷ್ಟು ಮೆಟ್ಟಿಲಿದ್ದವು ಎಂದು ಎಣಿಸಿ. ಆಗ ನಾಲ್ಕು, ಈಗ ಎರಡೂವರೆ ಎಂದಾದರೆ ಅಂಗಳ ಒಂದಡಿ ಏರಿದೆ. ಪ್ರತಿ ಸಲ ಮಣ್ಣು, ಜಲ್ಲಿ, ಕೊನೆಗೆ ಇಂಟರ್‌ಲಾಕ್ ಹೀಗೆ ಒಂದರ ಮೇಲೊಂದು ಬಿದ್ದಿರುತ್ತದೆ. ಒಳ ನೆಲಕ್ಕಿಂತ ಅಂಗಳ ಕನಿಷ್ಠ ಒಂದೂವರೆ ಅಡಿ ಕೆಳಗಿರಬೇಕು. ಗೋಡೆಯಿಂದ 4 ಅಡಿ ತನಕ ಇಂಟರ್‌ಲಾಕ್ ಎಬ್ಬಿಸಿ, ಮಣ್ಣು ತೆಗೆದು, ಕೆಂಪುಕಲ್ಲಿನ ತುಂಡು ಹಾಸಿ, ಮನೆಯಿಂದ ಹೊರಕ್ಕೆ 4 ಅಡಿಗೆ 2 ಇಂಚು ಇಳಿಜಾರು ಕೊಡಿ. ಸೂರಿನ ನೀರು ಬೀಳುವ ಗೆರೆಯಲ್ಲಿ ಕಣಿ ಇರಲಿ, ಅದು ತೋಡಿಗೆ ಸೇರಲಿ. ಗೋಡೆಗೆ ತಾಗಿಸಿದ ಹೂಕುಂಡದ ಸಾಲು ಎಷ್ಟು ಚಂದ ಇದ್ದರೂ ದೂರ ಸರಿಸಿ.

ಸಾರಣೆ

ಕೆಂಪುಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದ ಮೇಲೆ ಹೊರಮೈ ಗಟ್ಟಿಯಾಗುತ್ತದೆ. ಆ ಗಟ್ಟಿ ಚರ್ಮವೇ ಅದರ ರಕ್ಷೆ. ಸಿಮೆಂಟು ಸಾರಣೆ ಕೀಳುವಾಗ ನೆನಪಿರಬೇಕಾದದ್ದು ಇದು. ಮರದ ಸುತ್ತಿಗೆಯಿಂದ ಗೋಡೆ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬರುವಲ್ಲೆಲ್ಲ ತೆಗೆಯಿರಿ. ಅಂಟಿ ಕೂತದ್ದನ್ನು ಕಲ್ಲಿನ ಮೋರೆ ಸಮೇತ ಕೀಳುವುದಕ್ಕಿಂತ ಬಿಡುವುದು ಮೇಲು. ಆಮೇಲೆ ಗೋಡೆಯನ್ನು ಕಡಿಮೆಯೆಂದರೆ ಎರಡು ತಿಂಗಳು ಬೆತ್ತಲೆ ಬಿಡಿ. ಬಿಳಿ ಉಪ್ಪು ಹೊಮ್ಮುತ್ತದೆ; ನೀರು ಮುಟ್ಟಿಸದೆ ಒಣ ಬ್ರಷ್ಷಿನಿಂದ ಗುಡಿಸಿ, ಹಾಳೆಯ ಮೇಲೆ ಹಿಡಿದು ಹೊರಗೆ ಹಾಕಿ. ಗೋಡೆಯ ಬುಡದಲ್ಲಿ ಬಿಟ್ಟರೆ ಮಳೆಗೆ ಮತ್ತೆ ಒಳಗೆ ಸೇರುತ್ತದೆ.

ಇಲ್ಲಿನ ಹಳೆ ಸುಣ್ಣ ಹೊಳೆ ಬಾಯಿಯ ಮರುವಾಯಿ ಚಿಪ್ಪನ್ನು ಸುಟ್ಟದ್ದು. ಅಪ್ಪಟ ಸುಣ್ಣ, ಆದರೆ ನಿಧಾನಿ: ಗಾಳಿಯಿಂದಲೇ ಗಟ್ಟಿಯಾಗಬೇಕು. ಅರಳಿಸುವಾಗ ದೊಡ್ಡ ತೊಟ್ಟಿಯಲ್ಲಿ ಮೊದಲು ನೀರು, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಸುಣ್ಣ ಹಾಕಿ. ಸುಣ್ಣಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ, ಕಣ್ಣು ಹೋಗುವ ಅಪಾಯ. ಕನ್ನಡಕ ಹಾಕಿಯೇ ನಿಲ್ಲಬೇಕು. ಅರಳಿದ್ದನ್ನು ಜರಡಿ ಹಿಡಿದು, ಮೇಲೆ ಎರಡು ಇಂಚು ನೀರು ನಿಲ್ಲಿಸಿ, ಕನಿಷ್ಠ ಮೂರು ವಾರ ಮುಚ್ಚಿಡಿ. ಮೂರು ತಿಂಗಳಾದರೆ ಬೆಣ್ಣೆಯಾಗುತ್ತದೆ. ಅರಳದ ಹರಳು ಉಳಿದರೆ ಗೋಡೆಯ ಮೇಲೆ ಆರು ತಿಂಗಳ ನಂತರ ಅರಳಿ, ಕಡಲೆ ಗಾತ್ರದ ಚಕ್ಕೆ ಎಬ್ಬಿಸುತ್ತದೆ.

ಗಾರೆಗೆ ಸುಣ್ಣದ ಬೆಣ್ಣೆ 1, ಹೊಳೆ ಮರಳು ಎರಡೂವರೆಯಿಂದ 3. ಕಡಲ ಮರಳು ಬೇಡವೇ ಬೇಡ, ಉಪ್ಪನ್ನು ಕೈಯಾರೆ ಗೋಡೆಗೆ ಹೊಡೆದಂತೆ. ಮಳೆ ಹೊಡೆಯುವ ಗೋಡೆಗೂ ಬುಡದ 3 ಅಡಿಗೂ ಮರಳಿನಲ್ಲಿ ಒಂದು ಪಾಲು ಕಡಿಮೆ ಮಾಡಿ ಹಂಚಿನ ಪುಡಿ ಸೇರಿಸಿ. ಮಾಡಿನಿಂದ ಇಳಿಸಿದ ಒಡಕು ಹಂಚೇ ಇದಕ್ಕೆ ಬರುತ್ತದೆ, ಆದರೆ ತಿಳಿ ಕೆಂಪಿನ, ಹದವಾಗಿ ಬೆಂದದ್ದನ್ನು ಆರಿಸಿ ನುಣ್ಣಗೆ ಪುಡಿ ಮಾಡಿಸಿ. ಕಪ್ಪಾಗಿ ಅತಿ ಬೆಂದ ಹಂಚಿನ ಪುಡಿ ಸುಣ್ಣದೊಂದಿಗೆ ಬೆರೆತು ಬಿಗಿಯುವುದಿಲ್ಲ, ಬರೀ ಮರಳಿನಂತೆ ಕೂರುತ್ತದೆ. ಬೆಲ್ಲದ ನೀರು ಹಾಕುವ ಪದ್ಧತಿಯುಂಟು. 20 ಕೆ.ಜಿ. ಸುಣ್ಣಕ್ಕೆ ಕಾಲು ಕೆ.ಜಿ. ದಾಟಿಸಬೇಡಿ, ಹೆಚ್ಚಾದರೆ ಗಾರೆ ಬಿಗಿಯಲು ತಡ, ಇರುವೆಗೆ ಹಬ್ಬ.

100 ಚದರ ಅಡಿಗೆ 12 ಮಿ.ಮೀ. ದಪ್ಪದ ಒಂದು ಕೋಟ್ ಸಾರಣೆಗೆ ಸುಮಾರು 5 ಘನ ಅಡಿ ಮರಳು, 45–50 ಲೀಟರ್ ಸುಣ್ಣದ ಬೆಣ್ಣೆ ಬೇಕಾಗುತ್ತದೆ. ಕೆಂಪುಕಲ್ಲಿನ ಗುಂಡಿಗಳು ಹೆಚ್ಚಿದ್ದರೆ ಅವನ್ನು ಹಿಂದಿನ ವಾರವೇ ಹಂಚಿನ ಚೂರು ಸೇರಿಸಿದ ಗಾರೆಯಿಂದ ತುಂಬಿಡಿ. ಕಲ್ಲಿನ ಸಂದುಗಳನ್ನು ಮುಕ್ಕಾಲು ಇಂಚು ಕೆರೆದು, ಹಿಂದಿನ ಸಂಜೆ ಗೋಡೆ ನೆನೆಸಿ, ಬೆಳಗ್ಗೆ ಮತ್ತೊಮ್ಮೆ ನೀರು ಚಿಮುಕಿಸಿ. ಮೊದಲ ಕೋಟನ್ನು ಕರಣೆಯಿಂದ ಎರಚಿ ಹೊಡೆಯಬೇಕು, ತೀಡಿ ನುಣುಪು ಮಾಡಬಾರದು. ಮುಂದೆ ಒದ್ದೆ ಗೋಣಿ ಇಳಿಬಿಟ್ಟು ಒಂದು ವಾರ ತಂಪಿಡಿ. ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ ಎರಡನೆಯ ಕೋಟು. ಕೊನೆಯದ್ದು ಜರಡಿ ಮರಳಿನಲ್ಲಿ 3 ಮಿ.ಮೀ. ಮಾತ್ರ.

ಕೆಟ್ಟರೆ ಕಾರಣ ಗೋಡೆಯೇ ಹೇಳುತ್ತದೆ. ಜೇಡರ ಬಲೆಯಂಥ ಬಿರುಕು ಬಂದರೆ ಸುಣ್ಣ ಜಾಸ್ತಿಯಾಗಿದೆ ಅಥವಾ ಬಿಸಿಲಿಗೆ ಬೇಗ ಒಣಗಿದೆ. ಕೈಗೆ ಹುಡಿ ಅಂಟಿದರೆ ನೀರು ಸಾಲದೆ ಹೋಗಿದೆ. ಗಾಳಿಯಿಂದ ಬಿಗಿಯಲೂ ಸುಣ್ಣಕ್ಕೆ ಒಂದಿಷ್ಟು ತೇವ ಬೇಕು. ಹಪ್ಪಳದಂತೆ ಕಳಚಿದರೆ ಗೋಡೆಯನ್ನು ನೆನೆಸದೆ, ಧೂಳು ಗುಡಿಸದೆ ಹೊಡೆದಿದ್ದಾರೆ.

ಜಗಲಿಯ ದುಂಡು ಕಂಬಗಳಿಗೆ ಪ್ರತ್ಯೇಕ ಎಚ್ಚರ ಬೇಕು. ಒಳಗೆ ಒರಟು ಕೆಂಪುಕಲ್ಲು, ಆಕಾರವೆಲ್ಲ ಸಾರಣೆಯದ್ದು. ಪುಸ್ತಕದ ಟಸ್ಕನ್ ಕಂಬದ ಎತ್ತರ ಬುಡದ ವ್ಯಾಸದ ಏಳರಷ್ಟು. ಬುಡದಿಂದ ಮೂರರಲ್ಲಿ ಒಂದು ಭಾಗ ನೆಟ್ಟಗಿದ್ದು, ಅಲ್ಲಿಂದ ಮೇಲೆ ಕಾಣದಷ್ಟು ಸಣ್ಣಗಾಗುತ್ತಾ ಹೋಗುತ್ತದೆ. ನಿಮ್ಮ ಕಂಬ ಹೇಗಿದೆ ಎಂದು ದಾರ ಸುತ್ತಿ ಅಡಿಗೊಂದರಂತೆ ಸುತ್ತಳತೆ ಬರೆದುಕೊಳ್ಳಿ. ಕೆಡದೆ ಉಳಿದ ಕಂಬದ ತಲೆ, ಬುಡದ ಅಂಚಿಗೆ ರಟ್ಟು ಹಿಡಿದು ಗೆರೆ ತೆಗೆದು, ತಗಡಿನಲ್ಲಿ ಅಚ್ಚು ಕತ್ತರಿಸಿ, ಹಸಿ ಗಾರೆಯ ಮೇಲೆ ತಿರುಗಿಸಿ. ಅಚ್ಚಿಲ್ಲದೆ ಬಿಟ್ಟರೆ ಕಂಬ ನೀರಿನ ಪೈಪಿನಂತಾಗಿ ಹೊರಬರುತ್ತದೆ, ಇಡೀ ಬಂಗ್ಲೆಯ ಮೋರೆ ಅಲ್ಲಿಗೆ ಕೆಟ್ಟಿತು.

ಮೇಲೆ ಅಕ್ರಿಲಿಕ್ ಪೇಂಟ್ ಹೊಡೆದರೆ ಇಷ್ಟು ಮಾಡಿದ್ದೂ ನೀರಿನಲ್ಲಿ ಹೋಮ. ಸುಣ್ಣದ ಬೆಣ್ಣೆಯನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ಒದ್ದೆ ಗೋಡೆಗೆ ದಿನಕ್ಕೊಂದರಂತೆ ನಾಲ್ಕೈದು ಸಲ ಬಳಿಯಿರಿ. ಬಳಿಯುವಾಗ ಗೋಡೆ ಕಾಣುತ್ತಲೇ ಇರಬೇಕು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಒಂದೇ ಸಲಕ್ಕೆ ದಪ್ಪ ಬಳಿದರೆ ಅಂಗಿಗೆ ಅಂಟುವ ಸುಣ್ಣ ಅದೇ. ಏಪ್ರಿಲಿನ ಮಧ್ಯಾಹ್ನ ಬಿಟ್ಟು, ಬೆಳಗ್ಗೆ ನೆರಳಿರುವ ಬದಿಯಿಂದ ಶುರುಮಾಡಿ.

ನೆಲದ ವಿಷಯದಲ್ಲಿ ಹೇಳುವುದು ಒಂದೇ. ಮಣ್ಣಿನ ಹಂಚಿನ ನೆಲ, ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಬೇಡಿ. ನೆಲದಲ್ಲಿ ಆರುತ್ತಿದ್ದ ತೇವಕ್ಕೆ ಉಳಿಯುವ ದಾರಿ ಗೋಡೆ ಮಾತ್ರ.

ಪುಸ್ತಕ, ಮತ್ತು ಮೊದಲ ಮಳೆ

ಹಳೆಯ ಇಂಗ್ಲೆಂಡಿನಲ್ಲಿ ಪಾದ್ರಿಗಳು ವರ್ಗವಾಗಿ ಹೋಗುವಾಗ ಮನೆಯ ಹಾಳಿಗೆ ತಾವೇ ಹಣ ಕಟ್ಟಬೇಕಿತ್ತು, ತೀರಿಕೊಂಡಿದ್ದರೆ ಅವರ ಆಸ್ತಿಯಿಂದ ವಸೂಲು. ನಮ್ಮಲ್ಲಿ ಅಷ್ಟು ಕಠೋರ ಬೇಡ. ಒಂದು ದುರಸ್ತಿ ಪುಸ್ತಕ ಇಟ್ಟು, ಯಾವ ಇಳಿಜಾರಿಗೆ ಯಾವ ಕಾರ್ಖಾನೆಯ ಹಂಚು, ಎಲ್ಲಿ ಪಕ್ಕಾಸು ಜೋಡಿಸಿದ್ದು, ಗಾರೆಯ ಪಾಲು ಎಷ್ಟು ಎಂದು ಬರೆದು ಮುಂದಿನ ಅಯ್ಯನವರಿಗೆ ಕೊಟ್ಟರೆ ಸಾಕು. ಕೊನೆಯ ಪುಟದಲ್ಲಿ ಆಟಿಯ ಸೀಮೆಸುಣ್ಣದ ಗೆರೆಗಳ ನಕ್ಷೆ ಇರಲಿ.

ಜೂನಿನ ಮೊದಲ ದೊಡ್ಡ ಮಳೆ ಬಿದ್ದ ದಿನ ಹಗಲಲ್ಲೇ ಟಾರ್ಚ್ ಆರಿಸಿ ಅಟ್ಟದಲ್ಲಿ ಐದು ನಿಮಿಷ ನಿಲ್ಲಿ. ಬೆಳಕು ತೂರುವ ಚುಕ್ಕಿಗಳು ಕಾಣುತ್ತವೆ. ಆಮೇಲೆ ಟಾರ್ಚ್ ಹಾಕಿ ರೀಪಿನ ಅಡಿಯ ಹನಿಯನ್ನು ಹುಡುಕಿ. ಹನಿ ಬೀಳುವ ಜಾಗಕ್ಕಿಂತ ಓಟೆ ಸಾಮಾನ್ಯವಾಗಿ ಒಂದೆರಡು ಹಂಚು ಮೇಲಿರುತ್ತದೆ. ಮಳೆ ಬಿಟ್ಟಾಗ, ಮಾಡು ಹತ್ತದೆ, ಒಳಗಿನಿಂದಲೇ ಮೇಲಿನ ಹಂಚನ್ನು ಕೈಯಿಂದ ಎರಡು ಇಂಚು ಎತ್ತಿ ಹಿಡಿದು, ಒಡೆದದ್ದನ್ನು ಓರೆ ಮಾಡಿ ಒಳಕ್ಕೆ ಎಳೆದುಕೊಂಡು, ಹೊಸದನ್ನು ಅದೇ ದಾರಿಯಲ್ಲಿ ಹೊರಕ್ಕೆ ಜಾರಿಸಿ, ಅಂಚಿನ ಹಲ್ಲು ಕಚ್ಚಿದ ಸದ್ದು ಕೇಳುವ ತನಕ ಕೂರಿಸಿ. ಇದಕ್ಕಾಗಿ ಎರಡೂ ಇಳಿಜಾರಿನ ಹಂಚು ಇಪ್ಪತ್ತೈದಿಪ್ಪತ್ತೈದು ಅಟ್ಟದಲ್ಲಿರಲಿ. ಗೋಡೆಯ ಪಕ್ಕ ನಿಲ್ಲಿಸಿಡಿ. ಮಲಗಿಸಿ ಒಟ್ಟಿದರೆ ಅಡಿಯ ಹಂಚು ಮೊದಲೇ ಬಿರಿದಿರುತ್ತದೆ.